ಜ್ಞಾನ ತಪ್ಪಿದವರ ಗೊರಕೆ: 108 ಬರುವ ತನಕ ಉಸಿರಿನ ದಾರಿ ಕಾಯುವುದು ಹೇಗೆ?

ಪ್ರಶ್ನೆ: ಶಿರಾ ಹತ್ತಿರ ಹೆದ್ದಾರಿ ಬದಿಯಲ್ಲಿ ನಮ್ಮದು ಪಂಕ್ಚರ್ ಅಂಗಡಿ. ಆಕ್ಸಿಡೆಂಟ್ ಆದಾಗ ಬಹಳ ಸಲ ಮೊದಲು ಓಡುವವರು ನಾವೇ. ಹೋದ ತಿಂಗಳು ಬೈಕ್ ಸವಾರನೊಬ್ಬ ಬಿದ್ದು ಜ್ಞಾನ ತಪ್ಪಿದ್ದ. ಜೋರಾಗಿ ಗೊರಕೆ ಹೊಡೆಯುತ್ತಿದ್ದ. ‘ಉಸಿರಾಡ್ತಿದಾನೆ, ಏನೂ ಆಗಲ್ಲ ಬಿಡಿ’ ಅಂದರು ಒಬ್ಬರು. ಇನ್ನೊಬ್ಬರು ತಲೆ ಕೆಳಗೆ ಬ್ಯಾಗ್ ಇಟ್ಟು ಬಾಯಿಗೆ ನೀರು ಹಾಕಲು ಹೋದರು. ‘ಕುತ್ತಿಗೆ ಮುಟ್ಟಬೇಡಿ’ ಎಂದು ಮತ್ತೊಬ್ಬರು ಕೂಗಿದರು. ಆಂಬುಲೆನ್ಸ್ ಬರುವ ಹೊತ್ತಿಗೆ ಗೊರಕೆ ನಿಂತಿತ್ತು. ಆಮೇಲೆ ಏನಾಯಿತೋ ನಮಗೆ ಗೊತ್ತಾಗಲಿಲ್ಲ. ನಾವು ಏನು ಮಾಡಬೇಕಿತ್ತು? ಕೆಲವರು ಸೇರಿ ದುಡ್ಡು ಹಾಕಿ, ಕೈಯಲ್ಲಿ ಒತ್ತಿ ಉಸಿರು ಕೊಡುವ ಒಂದು ಆಂಬು ಬ್ಯಾಗ್, ಬಾಯಿಗೆ ಹಾಕುವ ಪ್ಲಾಸ್ಟಿಕ್ ನಳಿಗೆಗಳ ಸೆಟ್ ತಂದಿಟ್ಟಿದ್ದೇವೆ. ನಾವು ಬಳಸಬಹುದಾ?

ಉತ್ತರ: ಅದು ನಿದ್ದೆಯ ಗೊರಕೆ ಅಲ್ಲ. ಪೆಟ್ಟು ಬಿದ್ದು ಜ್ಞಾನ ತಪ್ಪಿದವರು ಗೊರಕೆ ಹೊಡೆಯುತ್ತಿದ್ದರೆ ಅವರ ಉಸಿರಿನ ದಾರಿ ಅರ್ಧ ಮುಚ್ಚಿದೆ ಎಂದು ತಿಳಿಯಬೇಕು. ಆ ಸದ್ದು ತಾನಾಗಿ ನಿಂತರೆ ಸಮಾಧಾನ ಪಡುವ ಹಾಗೂ ಇಲ್ಲ. ಅರ್ಧ ಮುಚ್ಚಿದ್ದು ಪೂರ್ತಿ ಮುಚ್ಚಿದರೂ ಸದ್ದು ನಿಲ್ಲುತ್ತದೆ. ಆ ಸವಾರನಿಗೆ ಏನಾಗಿತ್ತು ಎಂದು ಇಲ್ಲಿ ಕೂತು ಹೇಳಲು ಬರುವುದಿಲ್ಲ. ತಲೆಯ ಪೆಟ್ಟೇ ದೊಡ್ಡದಿರಬಹುದು. ಆದರೆ ಅಂಥವರಿಗೆ ಬರಿಗೈಯಲ್ಲೇ ಮಾಡಬಹುದಾದ ಕೆಲಸ ಒಂದಿದೆ. ಅದನ್ನು ಕಲಿಯಲು ಡಾಕ್ಟರ್ ಆಗಬೇಕಿಲ್ಲ.

ಮೊದಲು ಒಳಗೆ ಏನಾಗುತ್ತದೆ ನೋಡಿ. ನಾಲಿಗೆಯಲ್ಲಿ ನಮಗೆ ಕಾಣುವುದು ಮುಂಭಾಗ ಮಾತ್ರ. ಅದರ ಬುಡ ಕೆಳದವಡೆಗೆ ಅಂಟಿಕೊಂಡು ಗಂಟಲೊಳಗೆ ಇಳಿದಿರುತ್ತದೆ. ಎಚ್ಚರ ಇರುವಾಗ ಸ್ನಾಯುಗಳು ಅದನ್ನು ಮುಂದಕ್ಕೆ ಹಿಡಿದಿರುತ್ತವೆ. ಜ್ಞಾನ ತಪ್ಪಿ ಅಂಗಾತ ಬಿದ್ದಾಗ ಆ ಹಿಡಿತ ಸಡಿಲವಾಗಿ ನಾಲಿಗೆಯ ಬುಡ ಗಂಟಲಿನ ಹಿಂಗೋಡೆಗೆ ಒರಗುತ್ತದೆ. ಜ್ಞಾನ ತಪ್ಪಿದವರ ಉಸಿರು ಕಟ್ಟಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದೇ. ಸಾಲದ್ದಕ್ಕೆ ಕೆಮ್ಮುವ, ನುಂಗುವ ಶಕ್ತಿಯೂ ಹೋಗಿರುತ್ತದೆ. ಬಾಯಲ್ಲಿ ರಕ್ತ, ವಾಂತಿ ಏನೇ ಇದ್ದರೂ ನೇರ ಶ್ವಾಸಕೋಶಕ್ಕೆ ಇಳಿಯಬಹುದು. ನೀರು ಹಾಕಬಾರದು ಎನ್ನುವುದು ಇದಕ್ಕೇ. ಒಂದು ಚಮಚವೂ ಬೇಡ. ಕಣ್ಣು ಬಿಟ್ಟು ‘ನೀರು’ ಅಂತ ಕೇಳಿದರೂ ಬೇಡ. ಮಂಪರಿನಲ್ಲಿ ಕೇಳುತ್ತಿರುತ್ತಾರೆ, ಆಸ್ಪತ್ರೆಯಲ್ಲಿ ಆಪರೇಷನ್ ಬೇಕಾಗಲೂಬಹುದು.

ಉಸಿರು ಪೂರ್ತಿ ನಿಂತರೆ 4ರಿಂದ 6 ನಿಮಿಷದೊಳಗೆ ಮಿದುಳಿಗೆ ಸರಿಪಡಿಸಲಾಗದ ಹಾನಿ ಶುರುವಾಗುತ್ತದೆ. ಹೆದ್ದಾರಿಯಲ್ಲಿ ಆಂಬುಲೆನ್ಸ್ ಎಷ್ಟೇ ಬೇಗ ಬಂದರೂ ಅಷ್ಟರೊಳಗೆ ಬರುವುದು ಅಪರೂಪ. ನಡುವಿನ ಆ ಹೊತ್ತು ನಿಮ್ಮಂಥವರ ಕೈಯಲ್ಲಿರುತ್ತದೆ.

ಓಡಿಹೋದ ತಕ್ಷಣ ಬಗ್ಗಿ ಕಿವಿಗೊಡಿ. ಸದ್ದೇ ಅರ್ಧ ವಿಷಯ ಹೇಳುತ್ತದೆ. ಗೊರಕೆಯಾದರೆ ನಾಲಿಗೆ ಅಡ್ಡ ಬಂದಿದೆ, ದವಡೆ ಎತ್ತಬೇಕು. ಗುಳುಗುಳು ಅನ್ನುತ್ತಿದ್ದರೆ ಒಳಗೆ ರಕ್ತವೋ ವಾಂತಿಯೋ ಇದೆ, ಅದು ಹೊರಗೆ ಹರಿಯಬೇಕು. ಉಸಿರು ಒಳಗೆ ಎಳೆಯುವಾಗ ಕೀರಲು ಸದ್ದು ಬಂದರೆ ಗಂಟಲು ಊದಿಕೊಂಡಿದೆ ಅಥವಾ ಏನೋ ಸಿಕ್ಕಿಕೊಂಡಿದೆ. ಸದ್ದೇ ಇಲ್ಲದೆ, ಹೊಟ್ಟೆ ಉಬ್ಬಿದಾಗ ಎದೆ ಒಳಗೆ ಹೋಗುತ್ತಿದ್ದರೆ ಅದು ಎಲ್ಲಕ್ಕಿಂತ ಕೆಟ್ಟದ್ದು. ದೇಹ ಗಾಳಿಗಾಗಿ ಒದ್ದಾಡುತ್ತಿದೆ, ಗಾಳಿ ಮಾತ್ರ ಹೋಗುತ್ತಿಲ್ಲ. ದೂರದಿಂದ ನೋಡಿದವರಿಗೆ ಎದೆ ಆಡುತ್ತಿರುವುದು ಕಂಡು ‘ಉಸಿರಿದೆ’ ಅನ್ನಿಸುತ್ತದೆ. ಹಾಗಾಗಿ ಕಣ್ಣನ್ನಷ್ಟೇ ನಂಬಬೇಡಿ. ಕೆನ್ನೆಯನ್ನು ಅವರ ಮೂಗು, ಬಾಯಿಯ ಹತ್ತಿರ ತಂದು, ಎದೆಯ ಕಡೆ ನೋಡುತ್ತಾ, ಬಿಸಿ ಗಾಳಿ ತಾಗುತ್ತದಾ ಗಮನಿಸಿ. 10 ಸೆಕೆಂಡ್ ಸಾಕು, ಅದಕ್ಕಿಂತ ಜಾಸ್ತಿ ಬೇಡ.

ಮಾತಾಡಿಸುವುದೂ ಒಂದು ಪರೀಕ್ಷೆಯೇ. ‘ಅಣ್ಣಾ, ಕೇಳಿಸ್ತಿದೆಯಾ? ಹೆಸರೇನು?’ ಎಂದು ಕೇಳಿ. ಸ್ಪಷ್ಟವಾಗಿ ಹೆಸರು ಹೇಳಿದರೆ ಆ ಕ್ಷಣಕ್ಕೆ ದಾರಿ ತೆರೆದಿದೆ, ಮಿದುಳಿಗೆ ರಕ್ತವೂ ಹೋಗುತ್ತಿದೆ. ಆದರೆ ಅದು ಆ ಕ್ಷಣದ ಮಾತು ಅಷ್ಟೇ. 5 ನಿಮಿಷದ ಮೇಲೆ ಮತ್ತೆ ಕೇಳಬೇಕು.

ಈಗ ದವಡೆ ಎತ್ತುವ ವಿಷಯ. ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ. ಬಿದ್ದವರ ತಲೆಯ ಹಿಂದೆ ಮಂಡಿಯೂರಿ ಕೂತುಕೊಳ್ಳಿ, ಅವರ ನೆತ್ತಿ ನಿಮ್ಮ ಮಂಡಿಗಳ ಮಧ್ಯೆ ಬರುವ ಹಾಗೆ. ಎರಡೂ ಕೈಗಳನ್ನು ಮುಖದ ಎರಡು ಪಕ್ಕ ಇಡಿ. ಕಿವಿಯ ಹಾಲೆಯ ಸ್ವಲ್ಪ ಕೆಳಗೆ ಕೆಳದವಡೆಯ ಮೂಲೆ ಸಿಗುತ್ತದೆ. ಬೆರಳುಗಳನ್ನು ಆ ಮೂಲೆಯ ಹಿಂದೆ ಹಾಕಿ, ಹೆಬ್ಬೆರಳುಗಳನ್ನು ಕೆನ್ನೆಯ ಮೂಳೆಯ ಮೇಲೆ ಇಟ್ಟು, ದವಡೆಯನ್ನು ಆಕಾಶದ ಕಡೆಗೆ ಎತ್ತಿ. ಮೇಜಿನ ಡ್ರಾಯರ್ ಎಳೆದ ಹಾಗೆ ಕೆಳಹಲ್ಲು ಮೇಲ್ಹಲ್ಲಿಗಿಂತ ಮುಂದೆ ಬರಬೇಕು. ದವಡೆಯ ಜೊತೆ ನಾಲಿಗೆಯೂ ಎದ್ದು ಬರುತ್ತದೆ. ಸರಿಯಾಗಿ ಎತ್ತಿದರೆ ಗೊರಕೆ ಅಲ್ಲೇ ನಿಲ್ಲುತ್ತದೆ, ಉಸಿರು ಸಲೀಸಾಗುತ್ತದೆ. ಕೈ ಬಿಟ್ಟರೆ ಮತ್ತೆ ಶುರುವಾಗುತ್ತದೆ. ಆದ್ದರಿಂದ ಕೈ ಬಿಡಬಾರದು. ಒಮ್ಮೆ ಸರಿ ಮಾಡಿ ಎದ್ದು ಹೋಗುವ ಕೆಲಸ ಇದಲ್ಲ. ಅಪಘಾತದ ಜಾಗದಲ್ಲಿ ಹತ್ತು ಜನ ಇದ್ದರೆ ಒಂಬತ್ತು ಜನ ಏನಾದರೂ ಮಾಡಲಿ. ಒಬ್ಬರು ಮಾತ್ರ ತಲೆಯ ಹತ್ತಿರದಿಂದ ಏಳಬಾರದು.

ಕೈ ಸೋಲುತ್ತದೆ, ಅದಂತೂ ನಿಜ. ಮೊಣಕೈಗಳನ್ನು ನೆಲಕ್ಕೆ ಊರಿಕೊಂಡರೆ ಜಾಸ್ತಿ ಹೊತ್ತು ಹಿಡಿಯಬಹುದು. ಸೋತಾಗ ಪಕ್ಕದವರಿಗೆ ಹೇಳಿಕೊಟ್ಟು ಜಾಗ ಬದಲಿಸಿ.

ಹಾಗಾದರೆ ಕುತ್ತಿಗೆ? ‘ಮುಟ್ಟಬೇಡಿ’ ಎಂದು ಕೂಗಿದವರು ಅರ್ಧ ಸರಿ. ಬೈಕಿನಿಂದ ಬಿದ್ದವರಲ್ಲಿ, ಎತ್ತರದಿಂದ ಬಿದ್ದವರಲ್ಲಿ ಕುತ್ತಿಗೆಯ ಮೂಳೆ ಮುರಿದಿರಬಹುದು. ಸುಮ್ನೆ ಅಲ್ಲಾಡಿಸಿದರೆ ಬೆನ್ನುಹುರಿಗೆ ಪೆಟ್ಟಾದೀತು. ಅದಕ್ಕೇ ತಲೆ ಹಿಂದಕ್ಕೆ ಬಾಗಿಸದೆ ದವಡೆಯನ್ನಷ್ಟೇ ಎತ್ತುವ ಈ ವಿಧಾನ ಇರುವುದು. ನಿಮ್ಮ ಮಂಡಿ ಮತ್ತು ಅಂಗೈಗಳೇ ತಲೆಯನ್ನು ಆಡದಂತೆ ಹಿಡಿದಿರುತ್ತವೆ. ಆದರೆ ದವಡೆ ಎತ್ತಿದರೂ ಉಸಿರು ಬರುತ್ತಿಲ್ಲ ಅಂದರೆ ಏನು ಮಾಡುತ್ತೀರಿ? ಆಗ ಒಂದು ಕೈ ಹಣೆಯ ಮೇಲೆ, ಇನ್ನೊಂದು ಕೈಯ ಎರಡು ಬೆರಳು ಗದ್ದದ ಮೂಳೆಯ ಕೆಳಗೆ ಇಟ್ಟು, ತಲೆಯನ್ನು ನಿಧಾನವಾಗಿ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ. ಎಷ್ಟು ಬಾಗಿಸಿದರೆ ಗಾಳಿ ಬರುತ್ತದೋ ಅಷ್ಟೇ ಸಾಕು. ಕುತ್ತಿಗೆಗೆ ಪೆಟ್ಟಾಗಿರಬಹುದು ಅನ್ನುವುದು ಅನುಮಾನ. ಉಸಿರಿಲ್ಲ ಅನ್ನುವುದು ಕಣ್ಣೆದುರಿಗಿರುವ ಸತ್ಯ. ಪ್ರಥಮ ಚಿಕಿತ್ಸೆಯ ತರಬೇತಿಗಳಲ್ಲಿ ಈ ಎರಡರ ನಡುವೆ ಉಸಿರಿಗೇ ಮೊದಲ ಸ್ಥಾನ. ಅಪಘಾತವಲ್ಲದೆ ಸಕ್ಕರೆ ಕಮ್ಮಿಯಾಗಿಯೋ ಪಾರ್ಶ್ವವಾಯು ಹೊಡೆದೋ ಜ್ಞಾನ ತಪ್ಪಿದವರಿಗೆ ನೇರವಾಗಿ ಈ ಎರಡನೆಯ ವಿಧಾನವನ್ನೇ ಬಳಸಿ. ಅದು ಸುಲಭ. ಬೆರಳು ಮೂಳೆಯ ಮೇಲಿರಲಿ. ಗದ್ದದ ಕೆಳಗಿನ ಮೆತ್ತನೆ ಜಾಗ ಒತ್ತಿದರೆ ನಾಲಿಗೆಯನ್ನು ನೀವೇ ಹಿಂದಕ್ಕೆ ತಳ್ಳಿದಂತಾಗುತ್ತದೆ.

ಇಷ್ಟು ಸರಳ ವಿಷಯ ವೈದ್ಯರಿಗೂ ಬಹಳ ಕಾಲ ಮನವರಿಕೆ ಆಗಿರಲಿಲ್ಲ. ಬೋರಲು ಮಲಗಿಸಿ ಬೆನ್ನು ಒತ್ತುವುದು, ತೋಳು ಎತ್ತುವುದು, ಇವೇ ಕೃತಕ ಉಸಿರಾಟದ ವಿಧಾನಗಳಾಗಿದ್ದವು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಪೀಟರ್ ಸಾಫರ್ ಎಂಬ ಅರಿವಳಿಕೆ ವೈದ್ಯರು, ಒಪ್ಪಿ ಮುಂದೆ ಬಂದವರಿಗೆ ಔಷಧಿ ಕೊಟ್ಟು ಅವರ ಸ್ನಾಯುಗಳನ್ನು ಸಡಿಲಗೊಳಿಸಿ ಪರೀಕ್ಷೆ ಮಾಡಿದರು. ಬೆನ್ನು ಒತ್ತಿದರೂ ತೋಳು ಎತ್ತಿದರೂ ಗಂಟಲು ಮುಚ್ಚಿದ್ದರೆ ಗಾಳಿ ಸರಿಯಾಗಿ ಹೋಗುವುದೇ ಇಲ್ಲ, ತಲೆ ಬಾಗಿಸಿ ದವಡೆ ಎತ್ತಿ ಬಾಯಿಗೆ ಬಾಯಿಟ್ಟು ಊದಿದರೆ ಹೋಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಇದೇ ಸಾಫರ್ ಮುಂದೆ ಪಿಟ್ಸ್‌ಬರ್ಗ್‌ನಲ್ಲಿ ಫ್ರೀಡಂ ಹೌಸ್ ಎಂಬ ಆಂಬುಲೆನ್ಸ್ ಸೇವೆಗೆ ಕೈಜೋಡಿಸಿದರು. 1967ರಲ್ಲಿ ಅಲ್ಲಿ ತರಬೇತಿಗೆ ಸೇರಿದವರು ಕೆಲಸವಿಲ್ಲದೆ ಅಲೆಯುತ್ತಿದ್ದ ಕಪ್ಪು ಸಮುದಾಯದ ಯುವಕರು. ಈ ಕೆಲಸವನ್ನು ಅವರು ಎಷ್ಟು ಚೆನ್ನಾಗಿ ಮಾಡಿದರೆಂದರೆ ಇಂದಿನ ಪ್ಯಾರಾಮೆಡಿಕ್ ವ್ಯವಸ್ಥೆಗೆ ಅವರೇ ಮಾದರಿಯಾದರು. ಪಂಕ್ಚರ್ ಅಂಗಡಿಯವರಿಗೆ ಇದೆಲ್ಲ ಎಲ್ಲಿ ಬರುತ್ತದೆ ಎಂದು ಯಾರಾದರೂ ಅಂದರೆ ಈ ಕಥೆ ಹೇಳಿ.

ತಲೆ ಕೆಳಗೆ ಬ್ಯಾಗ್ ಇಟ್ಟಿದ್ದು ಕರುಣೆಯಿಂದಲೇ. ಆದರೆ ಜ್ಞಾನ ತಪ್ಪಿದವರಿಗೆ ದಿಂಬು ಇಟ್ಟರೆ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗುತ್ತದೆ, ಗಂಟಲು ಮಡಚಿಕೊಳ್ಳುತ್ತದೆ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಅಪಾಯ ಆಟೋ ಹಿಂದಿನ ಸೀಟು. ಅಪಘಾತವಾದವರನ್ನು ಎತ್ತಿ ಆಟೋದಲ್ಲಿ ಕೂರಿಸಿ, ಇಬ್ಬರು ಎರಡು ಪಕ್ಕ ಹಿಡಿದುಕೊಂಡು ಹೋಗುವುದನ್ನು ನೀವೂ ನೋಡಿರುತ್ತೀರಿ. ತಲೆ ಜೋತುಬಿದ್ದು ಗದ್ದ ಎದೆಗೆ ಒತ್ತಿಕೊಂಡಿರುತ್ತದೆ. ಅರ್ಧ ಗಂಟೆ ಹಾಗೆ ಹೋದರೆ ಕಾಲಿನ ಮುರಿತದ ಜೊತೆ ಬದುಕಬಹುದಾಗಿದ್ದವರು ಉಸಿರು ಕಟ್ಟಿ ಸಾಯಬಹುದು. ಆಂಬುಲೆನ್ಸ್ ಸಿಗದೆ ಬೇರೆ ಗಾಡಿಯಲ್ಲೇ ಸಾಗಿಸಬೇಕಾದರೆ ಮಲಗಿಸಿ ಕರೆದೊಯ್ಯುವಂಥ ಗಾಡಿ ಹುಡುಕಿ. ಗೂಡ್ಸ್ ಆಟೋ, ಪಿಕಪ್ ಆದರೂ ಪರವಾಗಿಲ್ಲ. ದವಡೆ ಹಿಡಿಯುವವರು ಜೊತೆಗೇ ಹತ್ತಬೇಕು.

ಹೆಲ್ಮೆಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಇದ್ದಾಗ ಮೊದಲು ಮುಂದಿನ ಗಾಜು ಎತ್ತಿ, ಪಟ್ಟಿ ಬಿಚ್ಚಿ ಅಥವಾ ಕತ್ತರಿಸಿ, ಉಸಿರು ನೋಡಿ. ಎಚ್ಚರ ಇದ್ದು ಸಲೀಸಾಗಿ ಉಸಿರಾಡುತ್ತಿದ್ದರೆ ತೆಗೆಯುವ ಅವಸರ ಬೇಡ. ಗೊರಕೆ, ಗುಳುಗುಳು ಸದ್ದು, ವಾಂತಿ ಇದ್ದರೆ ಅಥವಾ ಉಸಿರೇ ಇಲ್ಲದಿದ್ದರೆ ತೆಗೆಯಲೇಬೇಕು, ಇಲ್ಲದಿದ್ದರೆ ದವಡೆಗೆ ಕೈ ಸಿಗುವುದಿಲ್ಲ. ಇಬ್ಬರು ಬೇಕು. ಒಬ್ಬರು ಪಕ್ಕದಲ್ಲಿ ಕೂತು, ಒಂದು ಕೈಯಲ್ಲಿ ಗದ್ದ, ಇನ್ನೊಂದು ಕೈಯಲ್ಲಿ ಕುತ್ತಿಗೆಯ ಹಿಂಭಾಗ ಭದ್ರವಾಗಿ ಹಿಡಿಯಬೇಕು. ಇನ್ನೊಬ್ಬರು ತಲೆಯ ಹಿಂದೆ ಕೂತು ಹೆಲ್ಮೆಟ್ಟಿನ ಎರಡೂ ಅಂಚುಗಳನ್ನು ಹೊರಕ್ಕೆ ಅಗಲಿಸಿ ನಿಧಾನವಾಗಿ ಎಳೆಯಬೇಕು. ಮೂಗು ತಡೆದಾಗ ಹೆಲ್ಮೆಟ್ಟಿನ ಮುಂಭಾಗವನ್ನು ಸ್ವಲ್ಪ ಎತ್ತಿ ದಾಟಿಸಿ. ಹೊರಬಂದ ಕೂಡಲೇ ತಲೆ ಧಪ್ಪನೆ ನೆಲಕ್ಕೆ ಬೀಳದಂತೆ ಕೆಳಗಿನ ಕೈ ತಡೆಯಬೇಕು. ಅಂಗಡಿಯಲ್ಲಿ ಬಿಡುವಿದ್ದಾಗ ನಿಮ್ಮ ಹುಡುಗರ ಮೇಲೆ ಒಂದೆರಡು ಸಲ ಅಭ್ಯಾಸ ಮಾಡಿ ನೋಡಿ, ಓದಿದ್ದಕ್ಕಿಂತ ಬೇಗ ಗೊತ್ತಾಗುತ್ತದೆ.

ಬಾಯಲ್ಲಿ ರಕ್ತವೋ ವಾಂತಿಯೋ ತುಂಬುತ್ತಿದ್ದರೆ ದವಡೆ ಎತ್ತಿದರೆ ಸಾಲದು. ಮಗ್ಗುಲಿಗೆ ಹೊರಳಿಸಬೇಕು. ಅಪಘಾತದವರಾದರೆ ತಲೆ, ಹೆಗಲು, ಸೊಂಟ ಒಟ್ಟಿಗೇ ತಿರುಗಬೇಕು. ಮೂರು ಜನ ಇದ್ದರೆ ಒಳ್ಳೆಯದು, ತಲೆ ಹಿಡಿದವರು ‘ಒಂದು, ಎರಡು, ಮೂರು’ ಹೇಳಬೇಕು. ಬಾಯಿ ಕೆಳಮುಖವಾಗಿ, ಹರಿದು ಹೋಗುವ ಹಾಗಿರಲಿ. ಕಣ್ಣಿಗೆ ಕಾಣುವ ಮುರಿದ ಹಲ್ಲು, ಸಡಿಲವಾದ ಕಟ್ಟಿಸಿದ ಹಲ್ಲು, ಎಲೆ ಅಡಿಕೆ, ಗುಟ್ಕಾ ಉಂಡೆ ಇದ್ದರೆ ತೆಗೆಯಿರಿ. ಕಾಣದ್ದಕ್ಕೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ತಳ್ಳುತ್ತೀರಿ, ಕಚ್ಚಿಸಿಕೊಳ್ಳಲೂಬಹುದು. ನೀವು ಒಬ್ಬರೇ ಇದ್ದು ಗಾಡಿ ನಿಲ್ಲಿಸಲು, ಫೋನ್ ಮಾಡಲು ಏಳಬೇಕಾಗಿ ಬಂದರೂ ಅಂಗಾತ ಬಿಟ್ಟು ಹೋಗಬೇಡಿ, ಮಗ್ಗುಲಾಗಿಸಿ ಹೋಗಿ.

ಇಲ್ಲೊಂದು ತಿರುವು ಇದೆ. ಮುಖ ಜಜ್ಜಿಹೋಗಿ, ದವಡೆ ಮುರಿದು, ಆದರೆ ಎಚ್ಚರವಾಗಿರುವವರು ಕೆಲವೊಮ್ಮೆ ಹಟ ಹಿಡಿದು ಎದ್ದು ಕೂರುತ್ತಾರೆ. ಮುಂದಕ್ಕೆ ಬಾಗಿ ರಕ್ತ ಉಗುಳುತ್ತಿರುತ್ತಾರೆ. ಸುತ್ತಲಿನವರು ‘ಮಲಗು, ಮಲಗು’ ಎಂದು ಒತ್ತಿ ಹಿಡಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಮನುಷ್ಯ ತನ್ನ ಉಸಿರಿನ ದಾರಿಯನ್ನು ತಾನೇ ಕಾಪಾಡಿಕೊಳ್ಳುತ್ತಿದ್ದಾನೆ. ಅಂಗಾತ ಮಲಗಿಸಿದರೆ ತನ್ನ ರಕ್ತದಲ್ಲೇ ಮುಳುಗುತ್ತಾನೆ. ಅವನು ಆರಿಸಿಕೊಂಡ ಭಂಗಿಗೆ ಆಸರೆ ಕೊಡಿ.

ಉಸಿರೇ ಇಲ್ಲದಿದ್ದರೆ? ಅಥವಾ ಮೀನಿನಂತೆ ಬಾಯಿ ತೆರೆದು ಆಗೊಂದು ಈಗೊಂದು ತೇಕು ಮಾತ್ರ ಬರುತ್ತಿದ್ದರೆ? ಆ ತೇಕು ಉಸಿರಲ್ಲ. ಹೃದಯ ನಿಂತ ಮೇಲೂ ಕೆಲವು ನಿಮಿಷ ಅದು ಬರಬಹುದು. ಎಷ್ಟೋ ಜನ ಅದನ್ನೇ ನೋಡಿ ಕಾಯುತ್ತಾ ಕೂರುತ್ತಾರೆ. ಆಗ ಎದೆಯ ನಡುವೆ ಎರಡೂ ಅಂಗೈ ಇಟ್ಟು, 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಲು ಶುರು ಮಾಡಿ. ತರಬೇತಿ ಇಲ್ಲದವರು ಬಾಯಿಗೆ ಬಾಯಿ ಇಡುವ ಗೋಜಿಗೆ ಹೋಗದೆ ಎದೆ ಒತ್ತುವುದನ್ನಷ್ಟೇ ಮಾಡಿದರೂ ಸಾಕು ಎಂದು ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್ ಹೇಳುತ್ತದೆ. ನೀರಲ್ಲಿ ಮುಳುಗಿದವರು ಮತ್ತು ಮಕ್ಕಳ ವಿಷಯ ಬೇರೆ. ಅಲ್ಲಿ ಮೊದಲು ಹೋಗಿರುವುದು ಸಾಮಾನ್ಯವಾಗಿ ಉಸಿರು. ಹಾಗಾಗಿ ಕಲಿತವರಿದ್ದರೆ ಉಸಿರೂ ಕೊಡಬೇಕು.

ಇನ್ನು ನೀವು ತಂದಿಟ್ಟ ಆಂಬು ಬ್ಯಾಗ್, ನಳಿಗೆಗಳ ವಿಷಯಕ್ಕೆ ಬರೋಣ. ಮೊದಲೇ ಹೇಳಿಬಿಡುತ್ತೇನೆ, ತರಬೇತಿ ಆಗುವ ತನಕ ಎರಡನ್ನೂ ಮುಟ್ಟಬೇಡಿ. ಹೆದರಿಸುವುದಕ್ಕಲ್ಲ. ದವಡೆ ಎತ್ತುವ ಕೈ ಪಳಗದೆ ಈ ಸಾಮಾನು ಕೆಲಸ ಮಾಡುವುದಿಲ್ಲ, ಅದಕ್ಕೆ.

ಬಾಯಿಗೆ ಹಾಕುವ ಆ ಬಾಗಿದ ನಳಿಗೆಗೆ ಗ್ವೆಡೆಲ್ ನಳಿಗೆ ಎನ್ನುತ್ತಾರೆ. ನಾಲಿಗೆ ಹಿಂದಕ್ಕೆ ಬೀಳದಂತೆ ತಡೆಯುವುದು ಅದರ ಕೆಲಸ. ಅಳತೆ ಮುಖ್ಯ. ಬಾಯಿಯ ಮೂಲೆಯಿಂದ ದವಡೆಯ ಮೂಲೆಯ ತನಕ ಮುಖದ ಪಕ್ಕ ಹಿಡಿದು ನೋಡಬೇಕು. ಚಿಕ್ಕದಾದರೆ ನಾಲಿಗೆಯನ್ನೇ ಹಿಂದಕ್ಕೆ ತಳ್ಳುತ್ತದೆ, ದೊಡ್ಡದಾದರೆ ಗಂಟಲನ್ನೇ ಮುಚ್ಚೀತು. ದೊಡ್ಡವರಿಗೆ ತಿರುವುಮುರುವಾಗಿ ಒಳಗೆ ಹಾಕಿ ಅರ್ಧ ದಾರಿಯಲ್ಲಿ ಅರ್ಧ ಸುತ್ತು ತಿರುಗಿಸುತ್ತಾರೆ. ಮಕ್ಕಳಿಗೆ ಹಾಗೆ ತಿರುಗಿಸಬಾರದು, ಅಂಗುಳಕ್ಕೆ ಗಾಯವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ್ದು, ಸ್ವಲ್ಪವಾದರೂ ಎಚ್ಚರ ಇರುವವರಿಗೆ ಇದನ್ನು ಹಾಕಿದರೆ ಓಕರಿಸಿ ವಾಂತಿ ಮಾಡಿಕೊಳ್ಳುತ್ತಾರೆ. ಆಗ ನೀವು ಇದ್ದ ದಾರಿಯನ್ನೂ ಮುಚ್ಚಿದಂತೆ. ನಳಿಗೆ ಹಾಕಿದ ಮೇಲೂ ದವಡೆ ಹಿಡಿದೇ ಇರಬೇಕು.

ಆಂಬು ಬ್ಯಾಗ್ ನೋಡಲು ಸುಲಭ, ಬಳಸಲು ಕಷ್ಟ. 1956ರಲ್ಲಿ ಡೆನ್ಮಾರ್ಕಿನ ಹೋಲ್ಗರ್ ಹೆಸ್ಸೆ ಮತ್ತು ಹೆನಿಂಗ್ ರೂಬೆನ್ ಮಾಡಿದ ಈ ಬ್ಯಾಗು ಇವತ್ತು ಪ್ರತಿ ಆಂಬುಲೆನ್ಸಿನಲ್ಲೂ ಇರುತ್ತದೆ. ಒಬ್ಬರೇ ಒಂದು ಕೈಯಲ್ಲಿ ಮಾಸ್ಕ್ ಹಿಡಿದು ಇನ್ನೊಂದರಲ್ಲಿ ಒತ್ತಿದರೆ ಅರ್ಧ ಗಾಳಿ ಪಕ್ಕದಿಂದ ಸೋರುತ್ತದೆ. ಗಡ್ಡ ಇದ್ದರಂತೂ ಕೇಳಲೇಬೇಡಿ. ಆದ್ದರಿಂದ ಇಬ್ಬರು ಸೇರಿ ಮಾಡುವುದೇ ಸರಿ. ಒಬ್ಬರು ಎರಡೂ ಕೈಯಲ್ಲಿ ಮಾಸ್ಕ್ ಹಿಡಿಯಬೇಕು. ಮಾಸ್ಕನ್ನು ಮುಖದ ಮೇಲೆ ಒತ್ತಿ ಹಿಡಿಯುವುದಲ್ಲ, ದವಡೆಯನ್ನು ಮಾಸ್ಕಿನೊಳಕ್ಕೆ ಎತ್ತುವುದು. ಇನ್ನೊಬ್ಬರು ಬ್ಯಾಗ್ ಒತ್ತಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಗಾಬರಿಯಲ್ಲಿ ಪಂಪ್ ಹೊಡೆದ ಹಾಗೆ ಪೂರ್ತಿ ಹಿಂಡುತ್ತಾರೆ. ದೊಡ್ಡವರಿಗೆ ಬೇಕಾದದ್ದು ಒಂದು ಉಸಿರಿಗೆ ಅರ್ಧ ಲೀಟರಿನಷ್ಟು ಗಾಳಿ. ಬ್ಯಾಗಿನಲ್ಲಿ ಅದರ ಎರಡು ಮೂರು ಪಟ್ಟು ಇರುತ್ತದೆ. ಜಾಸ್ತಿ ಹೋದದ್ದು ಹೊಟ್ಟೆಗೆ ಹೋಗಿ ಹೊಟ್ಟೆ ಉಬ್ಬಿ ವಾಂತಿಯಾಗುತ್ತದೆ. ಒಂದು ಸೆಕೆಂಡ್ ನಿಧಾನವಾಗಿ ಒತ್ತಿ, ಎದೆ ಏಳಲು ಶುರುವಾದ ಕೂಡಲೇ ಬಿಡಬೇಕು. 6 ಸೆಕೆಂಡಿಗೆ ಒಂದು ಸಲ, ಅಂದರೆ ನಿಮಿಷಕ್ಕೆ 10. ಎದೆ ಏಳದಿದ್ದರೆ ಇನ್ನೂ ಜೋರಾಗಿ ಹಿಂಡುವುದಲ್ಲ, ದವಡೆ ಸರಿ ಮಾಡಬೇಕು. ಗಟ್ಟಿಯಾಗಿ ಕೂತಿರುವ ಕಟ್ಟಿಸಿದ ಹಲ್ಲನ್ನು ತೆಗೆಯಬೇಡಿ, ಕೆನ್ನೆ ಒಳಗೆ ಹೋಗದೆ ಮಾಸ್ಕ್ ಚೆನ್ನಾಗಿ ಕೂರುತ್ತದೆ.

ಭಾರತೀಯ ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಎರಡೂ ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತವೆ. ಬೊಂಬೆಯ ಮೇಲೆ ಕೈಯಾರೆ ಮಾಡಿಸುವ ಕಡೆಗೇ ಹೋಗಿ, ಬರೀ ಭಾಷಣದ ಕಡೆಗೆ ಹೋಗಬೇಡಿ. ದುಡ್ಡು ಇನ್ನೂ ಉಳಿದಿದ್ದರೆ ಒಂದು ಡಬ್ಬ ಕೈಗವಸು, ಪಟ್ಟಿ ಕತ್ತರಿಸುವ ಗಟ್ಟಿ ಕತ್ತರಿ, ಹೊಳೆಯುವ ಜಾಕೆಟ್ ತನ್ನಿ. ಹೆದ್ದಾರಿಯಲ್ಲಿ ನೆಲದ ಮೇಲೆ ಕೂತವರಿಗೆ ಎರಡನೇ ಗಾಡಿ ಗುದ್ದದ ಹಾಗೆ ನೋಡಿಕೊಳ್ಳುವುದು ಆಂಬು ಬ್ಯಾಗಿಗಿಂತ ಮೊದಲ ಕೆಲಸ.

ನಿಮ್ಮ ಕಡೆ ಅಪಘಾತ ಒಂದೇ ಅಲ್ಲ, ಹೊಲದಿಂದಲೂ ಜನರನ್ನು ಹೆದ್ದಾರಿಗೆ ಹೊತ್ತು ತರುತ್ತಾರೆ. ಅದರಲ್ಲಿ ಮೂರು ಸಂದರ್ಭಗಳಲ್ಲಿ ಉಸಿರಿನ ದಾರಿಯೇ ಸಾವು ಬದುಕನ್ನು ನಿರ್ಧರಿಸುತ್ತದೆ.

ಮೊದಲನೆಯದು ಹಾವು. ನಾಗರಹಾವು, ಕಟ್ಟುಹಾವು ಕಚ್ಚಿದರೆ ವಿಷ ಸ್ನಾಯುಗಳನ್ನು ಸೋಲಿಸುತ್ತದೆ. ಮೊದಲು ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಜೊಲ್ಲು ನುಂಗಲು ಆಗುವುದಿಲ್ಲ. ಆಮೇಲೆ ಉಸಿರಿನ ಸ್ನಾಯುಗಳ ಸರದಿ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದೇ ಜಾಸ್ತಿ. ಗಾಯದ ಗುರುತೂ ಕಾಣದೆ ಇರಬಹುದು. ರೆಪ್ಪೆ ಬಿದ್ದ ಕೂಡಲೇ ಮಗ್ಗುಲಾಗಿಸಿ ಜೊಲ್ಲು ಹರಿಯಲು ಬಿಡಿ. ಉಸಿರು ಕಮ್ಮಿಯಾದರೆ ದವಡೆ ಎತ್ತಿ, ಕಲಿತವರಿದ್ದರೆ ಬ್ಯಾಗಿನಲ್ಲಿ ಉಸಿರು ಕೊಡುತ್ತಾ ಆಸ್ಪತ್ರೆ ತಲುಪಿಸಿ. ಹಾಗೆ ಉಸಿರು ಕೊಡುತ್ತಾ ತಂದ ರೋಗಿಗಳು, ವಿಷ ಇಳಿದ ಮೇಲೆ ಎದ್ದು ನಡೆದು ಮನೆಗೆ ಹೋಗಬಹುದು. ಇನ್ನೊಂದು ಮಾತು. ಅಲುಗಾಡದೆ ಮಲಗಿರುವ ಆ ರೋಗಿಗೆ ಎಲ್ಲವೂ ಕೇಳಿಸುತ್ತಿರಬಹುದು. ‘ಹೋಗ್ಬಿಟ್ರು’ ಎಂದು ಅವರ ಮುಂದೆ ಅನ್ನಬೇಡಿ.

ಎರಡನೆಯದು ಹೊಲಕ್ಕೆ ಹೊಡೆಯುವ ಕೀಟನಾಶಕ. ಕುಡಿದವರ ಬಾಯಲ್ಲಿ ನೊರೆ, ಜೊಲ್ಲು ಉಕ್ಕಿ ಬರುತ್ತದೆ. ಉಪ್ಪು ನೀರು, ಸೆಗಣಿ ನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಹಳ್ಳಿಗಳ ಹಳೆಯ ಅಭ್ಯಾಸ. ಆ ವಾಂತಿ ಶ್ವಾಸಕೋಶಕ್ಕೆ ಹೋದರೆ ವಿಷಕ್ಕಿಂತ ಮೊದಲು ಅದೇ ಕೊಲ್ಲಬಹುದು. ಮಗ್ಗುಲಾಗಿಸಿ, ಕೈಗವಸು ಹಾಕಿಕೊಂಡು ಬಟ್ಟೆ ತೆಗೆಯಿರಿ, ಮೈಗೆ ಚೆಲ್ಲಿದ್ದನ್ನು ನೀರಿನಿಂದ ತೊಳೆಯಿರಿ. ಇಲ್ಲಿ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಡಿ. ಔಷಧಿಯ ಡಬ್ಬಿಯನ್ನು ಜೊತೆಗೆ ಕಳಿಸಿ.

ಮೂರನೆಯದು ಫಿಟ್ಸ್. ನಾಲಿಗೆ ನುಂಗಿಬಿಡುತ್ತಾರೆ ಎಂಬ ಭಯಕ್ಕೆ ಬಾಯಿಗೆ ಚಮಚ ತುರುಕುತ್ತಾರೆ, ಕೈಗೆ ಬೀಗದ ಕೈ ಕೊಡುತ್ತಾರೆ. ನಾಲಿಗೆಯನ್ನು ಯಾರೂ ನುಂಗಲು ಸಾಧ್ಯವಿಲ್ಲ. ಚಮಚದಿಂದ ಹಲ್ಲು ಮುರಿದು ಆ ಹಲ್ಲೇ ಗಂಟಲಿಗೆ ಹೋಗಬಹುದು. ಸುತ್ತಲಿನ ಕಲ್ಲು, ಕಬ್ಬಿಣ ಸರಿಸಿ, ಸೆಳೆತ ನಿಂತ ಕೂಡಲೇ ಮಗ್ಗುಲಾಗಿಸಿ. ಸೆಳೆತ 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ.

ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಾಗಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ಕೆಮ್ಮಲು ಆಗುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಹೊರಡದಿದ್ದರೆ ಮುಂದಕ್ಕೆ ಬಗ್ಗಿಸಿ ಹೆಗಲ ಮೂಳೆಗಳ ನಡುವೆ 5 ಗುದ್ದು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗದಲ್ಲಿ ಒಳಕ್ಕೆ, ಮೇಲಕ್ಕೆ 5 ಸಲ ಒತ್ತು. ಬಿಡುವ ತನಕ ಹೀಗೇ ಒಂದಾದ ಮೇಲೆ ಒಂದು. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆ ಒತ್ತಿ. ಒಂದು ವರ್ಷದೊಳಗಿನ ಮಗುವಿಗೂ ಹೊಟ್ಟೆ ಒತ್ತಬಾರದು. ಬೆನ್ನಿಗೆ 5, ಎದೆಗೆ 5. ಹಸುಗೂಸುಗಳ ತಲೆಯನ್ನು ದೊಡ್ಡವರ ಹಾಗೆ ಹಿಂದಕ್ಕೆ ಬಾಗಿಸಲೂಬಾರದು. ಅವರ ಹಿಂದಲೆ ದೊಡ್ಡದು, ಗಂಟಲು ಮೆತ್ತಗೆ. ಹೆಗಲ ಕೆಳಗೆ ಮಡಚಿದ ಟವೆಲ್ ಇಟ್ಟು ಮುಖ ನೇರ ಮೇಲೆ ನೋಡುವಂತಿದ್ದರೆ ಸಾಕು.

ಪೊಲೀಸ್ ಕೇಸಿನ ಭಯ ನಿಮ್ಮ ಪ್ರಶ್ನೆಯಲ್ಲಿಲ್ಲ, ಆದರೆ ನಿಮ್ಮ ಜೊತೆಯವರಲ್ಲಿ ಇರಬಹುದು. ನೆರವಾದವರಿಗೆ ಕಿರುಕುಳ ಆಗಬಾರದು ಎಂಬ ಮಾರ್ಗಸೂಚಿಗಳನ್ನು 2016ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಸೆಕ್ಷನ್, ಒಳ್ಳೆಯ ಮನಸ್ಸಿನಿಂದ ನೆರವಾದವರನ್ನು ಸಿವಿಲ್, ಕ್ರಿಮಿನಲ್ ಎರಡೂ ಹೊಣೆಯಿಂದ ಬಿಡಿಸುತ್ತದೆ. ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ. ಹೆಸರು, ವಿಳಾಸ ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ.

108 ಬಂದ ಮೇಲೆ ತಲೆ ಹಿಡಿದವರು ಥಟ್ಟನೆ ಎದ್ದು ಜಾಗ ಬಿಡಬೇಡಿ. ಆಂಬುಲೆನ್ಸಿನವರು ತಮ್ಮ ಕೈ ಇಟ್ಟು ‘ಸರಿ, ಬಿಡಿ’ ಅಂದ ಮೇಲೆಯೇ ಬಿಡಿ. ಅವರಿಗೆ ಹೇಳಬೇಕಾದದ್ದು ನಾಲ್ಕೇ ಮಾತು: ಎಷ್ಟು ಹೊತ್ತಿಗೆ ಬಿದ್ದರು, ಒಮ್ಮೆಯಾದರೂ ಮಾತಾಡಿದರಾ, ವಾಂತಿ ಆಯಿತಾ, ದವಡೆ ಬಿಟ್ಟರೆ ಗೊರಕೆ ಬರುತ್ತದಾ. ಕೊನೆಯದನ್ನು ಮಾತ್ರ ಮರೆಯದೆ ಹೇಳಿ. ಬಾಯಲ್ಲಿನ ರಕ್ತ, ವಾಂತಿ ಹೀರುವ ಸಕ್ಷನ್ ಯಂತ್ರ ತೆಗೆಯಬೇಕಾ, ನಳಿಗೆ ಹಾಕಬೇಕಾ, ಯಾವ ಆಸ್ಪತ್ರೆಗೆ ಹೋಗಬೇಕು ಅನ್ನುವುದನ್ನು ಅವರು ಅದರ ಮೇಲೆಯೇ ಯೋಚಿಸುತ್ತಾರೆ.